ಡ್ರಿಲ್ ಎಷ್ಟು ಮೇಲೇಳಬೇಕು?

ಎಂಬತ್ತರ ದಶಕದ ಕೊನೆ. ತೀರ್ಥಹಳ್ಳಿಯ ಒಂದು ವರ್ಕ್‌ಶಾಪಿಗೆ ತಾನೇ ತೂತು ಕೊರೆಯುವ ಕಂಪ್ಯೂಟರ್ ಮೆಷಿನ್ ಬಂದಿತ್ತು. ಅದಕ್ಕೆ ಪ್ರೋಗ್ರಾಮ್ ಹಾಕುವುದು ನನ್ನ ಕೆಲಸ. ಹೇಗೆ ಹಾಕಬೇಕೆಂದು ಹೇಳುವುದು ಮಾಲೀಕ ಗೌಡರ ಕೆಲಸ.

ಒಂದು ತೂತಾದ ಮೇಲೆ ಡ್ರಿಲ್ ಪೂರ್ತಿ ಮೇಲೆದ್ದು ಮುಂದಿನ ತೂತಿಗೆ ಹೋಗುತ್ತಿತ್ತು. ದಾರಿಯಲ್ಲಿ ಏನಾದರೂ ಇದ್ದರೆ ತಾಗಬಾರದಲ್ಲ. ಗೌಡರಿಗೆ ಅದನ್ನು ಸಹಿಸಲಾಗಲಿಲ್ಲ.

“ಎಂತದು ಮಾರಾಯ್ರೆ, ಪ್ರತಿ ತೂತಿಗೂ ಆಕಾಶ ನೋಡ್ಕಂಡು ಬರ್ತದಲ್ಲ ಇದು! ಒಂದು ಬೆರಳು ಎದ್ರೆ ಸಾಕು.”

ಹಾಗೇ ತಗ್ಗಿಸಿದೆ.

ಮರುದಿನ ಮೆಷಿನ್ ಪೂಜೆ. ಕೊರೆಯಬೇಕಾದ ಕಬ್ಬಿಣದ ಹಲಗೆಯ ನಟ್ಟನಡುವೆ ಗೌಡರು ಅಕ್ಕಿ ಹರಡಿ, ಜುಟ್ಟಿನ ತೆಂಗಿನಕಾಯಿ ಕೂರಿಸಿದರು. ಡ್ರಿಲ್ಲಿಗೆ ಅಡ್ಡವಾಗುತ್ತದೆ ಎಂದೆ.

“ದೇವರ ಕಾಯಿ ಅಡ್ಡ ಅಂತೀರಲ್ಲ!” ಎಂದು ಗದರಿ, ತಾವೇ ಗುಂಡಿ ಒತ್ತಿದರು.

ಮೊದಲ ತೂತು ಸೊಗಸಾಗಿ ಬಿತ್ತು. ಡ್ರಿಲ್ ಅವರ ಅಪ್ಪಣೆಯಂತೆ ಒಂದೇ ಬೆರಳು ಎದ್ದು, ಸೀದಾ ಹೋಗಿ ಕಾಯಿಗೆ ಗುದ್ದಿತು. ಡ್ರಿಲ್ ತುಂಡಾಯಿತು. ಕಾಯಿ ಒಡೆಯದೆ ಉರುಳಿ ಗೌಡರ ಕಾಲಬುಡಕ್ಕೆ ಬಂತು.

ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ನನ್ನತ್ತ ತಿರುಗಿದರು.

“ಸ್ವಲ್ಪ ಮೇಲೆ ಎತ್ತಿಸ್ಬೇಕು ಅನ್ನೋ ಅಂದಾಜು ಬ್ಯಾಡ್ವಾ ನಿಮ್ಗೆ?”

ಈ ಎತ್ತರವನ್ನು ಲೆಕ್ಕ ಹಾಕುವುದು ಹೇಗೆಂದು ಮೆಷಿನ್ನಿನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಿದೆ. ನಾನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ತೆಂಗಿನಕಾಯಿ ಅಳೆದೆ, ಜುಟ್ಟು ಸೇರಿಸಿ.