ಮೇಲಿನ ಮನೆಯಾಕೆಯ ಮೊಣಕಾಲು

ಬೆಳಗ್ಗೆ ಸೊಸೆ ನನ್ನ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಾಕೆ ನೆನಪಾದರು. ಅವರು ಮನೆ ಬಿಟ್ಟು ಹೋಗಿ ಎಂಟು ವರ್ಷವಾಯ್ತು... ಆಗ ನಮ್ಮ ಮೆಟ್ಟಿಲ ಮೇಲೆಲ್ಲ ಇದೇ ವಾಸನೆ.

ದೊಡ್ಡನೆಕ್ಕುಂದಿಯಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಕಟ್ಟಿಸಿದ ಮನೆ. ಕೆಳಗೆ ನಾವು, ಪಕ್ಕಕ್ಕೊಂದು ಚಿಕ್ಕ ಬಾಡಿಗೆ ಮನೆ, ಮೇಲೆ ಅವರು. ಹಾವೇರಿ ಕಡೆಯವರು, ವಿಭೂತಿ ಹಚ್ಚದೆ ಕಾಫಿಯನ್ನೂ ಕುಡಿಯದ ಹೆಂಗಸು. ನನಗೂ ಆಕೆಗೂ ಒಂದೇ ವಯಸ್ಸು, ಒಂದೇ ಕಾಯಿಲೆ. ಒಂದೇ ಆಟೋದಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆವು. ಮೂಳೆ ಮಧ್ಯದ ಮೆತ್ತೆ ಸವೆದಿದೆ, ಸವೆದದ್ದು ವಾಪಸ್ ಬರಲ್ಲ, ಆದರೆ ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಮ್ಮಿಯಾಗುತ್ತೆ ಅಂದರು. ತೂಕ ಇಳಿಸಿ, ನೆಲದ ಮೇಲೆ ಕೂರಬೇಡಿ, ನಡೆಯೋದು ಬಿಡಬೇಡಿ. ಇಬ್ಬರಿಗೂ ವ್ಯಾಯಾಮದ ಚೀಟಿ ಕೊಟ್ಟರು. ಆಕೆಯದು ಗೋಡೆಗೆ ಅಂಟಿತು. ನನ್ನದು ಫ್ರಿಜ್ ಮೇಲೆ ಬಿತ್ತು, ಅದರ ಮೇಲೆ ಕರೆಂಟ್ ಬಿಲ್ ಬಿತ್ತು.

ಆಮೇಲೆ ಶುರುವಾಯ್ತು ನೋಡಿ ನನ್ನ ಸಂಕಟ. ಆಕೆ ದಿನಾ ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸೋರು. ಎಣಿಸೋದು ನನ್ನ ಕಿಟಕಿಗೇ ಕೇಳೋದು. ಮೂರು ತಿಂಗಳಿಗೆ ಕುಂಟು ಹೋಯ್ತು, ಸಂಜೆ ಕೆರೆ ಏರಿ ಮೇಲೆ ವಾಕಿಂಗ್ ಶುರುವಾಯ್ತು. ನಾನೋ, ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡು ಸೋಫಾ ಹಿಡಿದು ಏಳುತ್ತಿದ್ದೆ. ನಮ್ಮತ್ತೆ ಬೇರೆ, "ಅವ್ರನ್ನ ನೋಡಾದ್ರೂ ಕಲ್ತ್ಕೊಳ್ಳೇ, ಎಂಗೆ ಓಡಾಡ್ತಾವ್ರೆ" ಅನ್ನೋರು. ಹೊಟ್ಟೆ ಉರಿಯೋದು. ಮನೆ ನಂದು, ಮೆಟ್ಟಿಲು ನಂದು, ಹತ್ತಿ ಇಳಿಯೋ ಭಾಗ್ಯ ಮಾತ್ರ ಬಾಡಿಗೆಯವರದ್ದು! ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋಯೋ ಕಾಲು ಮೊದಲು ಅಂತ ಆಕೆ ಹೇಳಿಕೊಡೋಕೆ ಬಂದರೆ, "ನೀವೇನು ಡಾಕ್ಟ್ರಾ?" ಅಂದುಬಿಟ್ಟಿದ್ದೆ... ನಕ್ಕು ಮೆಟ್ಟಿಲು ಹತ್ತಿಹೋದರು.

ಒಂದು ದಿನ ಪಕ್ಕದ ಚಿಕ್ಕ ಮನೆ ಖಾಲಿಯಾಯ್ತು. ಆಕೆ ಬಂದು ಬಾಗಿಲಲ್ಲೇ ನಿಂತು ಕೇಳಿದರು. "ಅಕ್ಕಾರ, ಆ ಮನಿ ನಮಗ ಕೊಡ್ರಿ. ನಡಿಯೂದೇನೋ ಆಗ್ತದ, ಮೆಟ್ಟಿಲ ಏರಿ ಇಳಿಯೂದು ಜೀವಾ ಹಿಂಡ್ತದ."

ಮುಚ್ಚಿಡಲ್ಲ, ನನಗೆ ಖುಷಿಯಾಯ್ತು. ಇವಳಿಗೂ ನೋವಿದೆ! ಆಮೇಲೆ ಅನ್ನಿಸಿತು, ಪಕ್ಕಕ್ಕೇ ಬಂದರೆ ಅತ್ತೆ ದಿನಾ ಇವಳನ್ನೇ ತೋರಿಸಿ ಚುಚ್ಚುತ್ತಾರೆ. "ನಮ್ಮ ನಾದಿನಿ ಮಗನಿಗೆ ಕೊಡೋದು ಅಂತ ಮಾತಾಗಿಬಿಟ್ಟಿದೆ ಕಣ್ರೀ" ಅಂದೆ. ಹಸಿ ಸುಳ್ಳು. ಹದಿನೈದು ದಿನಕ್ಕೆ ಐಟಿ ಕಂಪನಿಯ ಇಬ್ಬರು ಹುಡುಗಿಯರಿಗೆ ಕೊಟ್ಟೆ. ನಾಲ್ಕನೇ ಮಹಡಿಯಾದರೂ ಎಗರಿಕೊಂಡು ಹತ್ತೋ ವಯಸ್ಸು ಅವರದು. ಅವರು ಸಾಮಾನು ಇಳಿಸಿದ್ದನ್ನ ಆಕೆ ಮೇಲಿನಿಂದ ನೋಡಿದರು.

ಎರಡು ತಿಂಗಳಲ್ಲಿ ಚಂದಾಪುರದಲ್ಲಿ ಮನೆ ನೋಡಿಕೊಂಡರು. ಹೊರಡೋ ದಿನ ನನ್ನ ಕೈ ಹಿಡಿದುಕೊಂಡು, "ವ್ಯಾಯಾಮ ಮಾಡ್ರಿ ಅಕ್ಕಾರ. ನಿಮ್ಮ ಮೊಣಕಾಲು ನನ್ನಷ್ಟು ಸವದಿಲ್ಲ ಅಂತ ಆವತ್ತ ಡಾಕ್ಟ್ರು ಹೇಳಿದ್ರಲ್ಲ" ಅಂದರು. ಹೌದು, ಹೇಳಿದ್ದರು. ನಾನೂ ಕೇಳಿಸಿಕೊಂಡಿದ್ದೆ...

ಹೋದ ತಿಂಗಳು ಅವರ ಯಜಮಾನರು ಒಂದು ಮದುವೆಯಲ್ಲಿ ಸಿಕ್ಕಿದರು. ಚಂದಾಪುರದಲ್ಲಿ ಮಾತಾಗಿದ್ದ ಕೆಳಗಿನ ಮನೆ ಕೊನೇ ಗಳಿಗೆಯಲ್ಲಿ ಕೈತಪ್ಪಿತಂತೆ, ಸಿಕ್ಕಿದ್ದು ಎರಡನೇ ಮಹಡಿ. ಮೆಟ್ಟಿಲಿಗೆ ಹೆದರಿ ನಡೆಯೋದು ನಿಂತಿತು, ಕೀಲು ಬಿಗಿಯಿತು, ಕೊನೇ ಎರಡು ವರ್ಷ ಬೀದಿಯನ್ನೇ ಕಾಣಲಿಲ್ಲವಂತೆ. ಯಾವುದೋ ಜ್ವರಕ್ಕೆ ಹೋಗಿಬಿಟ್ಟರು. "ಆಮ್ಯಾಲ ಒಮ್ಮೆ ಕೆಳಗ ಇಳಿಸಿದ್ವಿ ನೋಡ್ರಿ, ನಾಕ ಮಂದಿ ಸೇರಿ" ಅಂದರು.

ನನ್ನ ಸುಳ್ಳು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಹೊರಡೋ ಹೊತ್ತಿಗೆ ನನ್ನ ಮೊಣಕಾಲಿನ ಚಿಂತೆ ಮಾಡಿದರು. ಅಂಥ ಮನಸ್ಸು ನನಗೆ ಯಾಕೆ ಬರಲಿಲ್ಲ ಅಂತ, ಸತ್ತ ಮೇಲೂ ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚು ಹೋಗಿಲ್ಲ.