ಕಾಕುವಿನ ಪಂಕ್ತಿಯಲ್ಲಿ ಹನ್ನೆರಡು ನರಗಳು

ಮೊನ್ನೆ ಎರಡು ಸಲ ತಲೆ ತಿರುಗಿದಂತಾಗಿ ದವಾಖಾನೆಗೆ ಹೋಗಿದ್ದೆ. ಡಾಕ್ಟರು ಬೆಳಗಾವಿ ಕಡೆಯ ಹುಡುಗ, ಪುಣೆಗೆ ಹೊಸಬ. "ಕಣ್ಣು ಮುಚ್ಚರಿ" ಎಂದು ಒಂದು ಪುಟ್ಟ ಶೀಶೆಯನ್ನು ಮೂಗಿಗೆ ಹಿಡಿದ. "ಏನು ವಾಸನಿ, ಹೇಳ್ರಿ?" ಲವಂಗ. ನನಗೆ ನಗು ತಡೆಯಲಾಗಲಿಲ್ಲ. ಲವಂಗ ಮೂಸಿ ನಗುವವನ ತಲೆ ನಿಜಕ್ಕೂ ಕೆಟ್ಟಿದೆ ಎಂದುಕೊಂಡನೋ ಏನೋ, ಪಾಪ, ಇನ್ನೊಂದು ಹೊಳ್ಳೆಗೂ ಹಿಡಿದು ನೋಡಿದ.

ನಾನು ನಕ್ಕದ್ದು ಕಾಕುವಿನ ಖಾನಾವಳಿಯ ಮೊದಲನೆಯ ಮಣೆ ನೆನಪಾಗಿ. ಹೇಳುತ್ತೇನೆ, ಆದರೆ ಇದು ಇಪ್ಪತ್ತು ವರ್ಷ ಹಿಂದಿನ ಸಂಗತಿ. ಆಗಲೂ ದಿನಚರಿ ಬರೆಯುತ್ತಿದ್ದೆ, ನಿಜ. ಆದರೆ ತತ್ತ್ವಶಾಸ್ತ್ರ ಓದುವ ಹುಡುಗನ ದಿನಚರಿಯಲ್ಲಿ ಆತ್ಮದ ವಿಚಾರವೇ ಬಹಳ, ಊಟದ ವಿಚಾರ ಕಡಿಮೆ. ಹಾಗಾಗಿ ಮುಂದಿನದಕ್ಕೆಲ್ಲ ನನ್ನ ನೆನಪೊಂದೇ ಸಾಕ್ಷಿ. ಅದನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವು ಅರ್ಧ ನಂಬಿದರೆ ಸಾಕು.

ಶನಿವಾರ ಪೇಠೆಯ ಒಂದು ವಾಡೆಯಲ್ಲಿ ಕಾಕು ಖಾನಾವಳಿ ನಡೆಸುತ್ತಿದ್ದರು. ಧಾರವಾಡದವರು. ಅವರ ಹೆಸರೇನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ದಿನವಿಡೀ ಹೊರಗೆ ಮರಾಠಿ ಮಾತಾಡಿ ದಣಿದವರು ಅವರ ಜೋಳದ ರೊಟ್ಟಿಗೂ ಕನ್ನಡದ ಬೈಗುಳಕ್ಕೂ ಬರುತ್ತಿದ್ದೆವು. ಅಲ್ಲಿ ಒಂದು ಕಟ್ಟಳೆ: ಮೊದಲ ದಿನ ಯಾವ ಮಣೆಯ ಮೇಲೆ ಕೂತಿರೋ, ಪುಣೆ ಬಿಡುವ ತನಕ ಅದೇ ನಿಮ್ಮದು.

ಎದುರು ಗೋಡೆಗೆ ಒಬ್ಬನೇ ಕೂಡುತ್ತಿದ್ದವನು ವಾಮನ. ವೈದ್ಯಕೀಯ ವಿದ್ಯಾರ್ಥಿ, ಗದುಗಿನ ಬಟ್ಟೆ ವ್ಯಾಪಾರಿಯ ಮಗ. ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ, ಎರಡೂ ಸಲ ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳ ಹತ್ತಿರವೇ. ಅವನ ತಂದೆ ಸ್ವತಃ ಬಂದು ಪಂಕ್ತಿಯ ಎದುರೇ ಹೇಳಿ ಹೋಗಿದ್ದರು: "ಇನ್ನೊಮ್ಮಿ ನಪಾಸಾದ್ಯೋ, ಗಂಟು ಕಟ್ಟು. ಅಂಗಡ್ಯಾಗ ಸೀರಿ ಮಡಚಲಿಕ್ಕೆ ನರ ಗೊತ್ತಿರಬೇಕಂತಿಲ್ಲ."

ಅಂದು ಊಟ ಸೇರದೆ ಎದುರಿನ ನಮ್ಮನ್ನೇ ನೋಡುತ್ತ ಕೂತ ವಾಮನನಿಗೆ ಏನು ಹೊಳೆಯಿತೋ, ಸಾಲಾಗಿ ಕೂತವರನ್ನು ನರಗಳಾಗಿ ಎಣಿಸಿಬಿಟ್ಟ. ಮೊದಲನೆಯ ಮಣೆಯವರು ಎಲೆಗೆ ಬೀಳುವ ಮುಂಚೆಯೇ ಸಾರು ಮೂಸಿ "ಇಂಗು ಕಡಿಮಿ" ಎನ್ನುವವರು: ವಾಸನೆಯ ನರ. ಎರಡನೆಯದು ದೃಷ್ಟಿ, ಅಲ್ಲಿ ದಪ್ಪ ಚಷ್ಮಾ ಇತ್ತು. ಮೂರು, ನಾಲ್ಕು, ಆರು ಕಣ್ಣುಗುಡ್ಡೆ ಹೊರಳಿಸುವ ನರಗಳು. ಆ ಮೂರು ಮಣೆಗಳವರ ಕಣ್ಣುಗಳು ತುಪ್ಪದ ಮಿಳ್ಳೆಯ ಹಿಂದೆಯೇ ಹೊರಳುತ್ತಿದ್ದವು. ನಡುವಿನ ಐದನೆಯದು ಅಗಿಯುವ ನರ. ಆ ಮಹಾಶಯರು ರೊಟ್ಟಿ ಅಗಿದರೆ ಓಣಿಗೆ ಕೇಳುತ್ತಿತ್ತು. ಒಂಬತ್ತು ನುಂಗುವುದು. ಹತ್ತು, ಗಂಟಲು ಎದೆ ಹೊಟ್ಟೆ ಎಂದು ಊರೆಲ್ಲ ಅಲೆಯುವ ನರ. ನಮ್ಮಲ್ಲಿ ವಿಮಾ ಏಜೆಂಟರು. ಹನ್ನೆರಡು ನಾಲಿಗೆಯದು, ಅಲ್ಲಿ ಒಬ್ಬ ವಕೀಲ. ಹನ್ನೊಂದು ಭುಜ ಕುಣಿಸುವ ನರ, ಅದು ನಾನು. ನಾನೇಕೆ ಎಂದು ಕೇಳಿದ್ದಕ್ಕೆ ಕಾಕುವೇ ಉತ್ತರ ಕೊಟ್ಟರು: "ಸಾರು ಬೇಕೇನಪಾ ಅಂದ್ರೂ ಭುಜ, ಬ್ಯಾಡೇನು ಅಂದ್ರೂ ಭುಜ. ಮತ್ತ ಯಾರನ್ನ ಕೂಡಸಬೇಕು ಅಲ್ಲೆ?"

ನಿಜಕ್ಕೂ ಹನ್ನೆರಡು ಮಂದಿ ಇದ್ದೆವೇ? ಮುಂದೆ ಹೇಳುವ ಇಬ್ಬರನ್ನು ಸೇರಿಸಿದರೂ ನನಗೆ ನೆನಪಿರುವ ಮುಖಗಳ ಲೆಕ್ಕ ಹತ್ತರಲ್ಲಿ ನಿಲ್ಲುತ್ತದೆ. ಉಳಿದ ಇಬ್ಬರನ್ನು ವಾಮನ ಕಲ್ಪಿಸಿದನೋ, ನಾನು ಮರೆತೆನೋ ತಿಳಿಯದು.

ಏಳು ಮತ್ತು ಎಂಟನ್ನು ಬಿಟ್ಟೆನಲ್ಲ? ವಾಮನ ಎರಡು ಸಲವೂ ಮುಗ್ಗರಿಸಿದ್ದು ಅಲ್ಲಿಯೇ. ಏಳನೆಯದು ಮುಖದ ನರ. ಆ ಮಣೆಯ ಶೇಷಗಿರಿರಾಯರು ಸರಕಾರಿ ಕಚೇರಿಯ ಗುಮಾಸ್ತರು. ತಮ್ಮ ಸಾಹೇಬನ ಮುಖವನ್ನು ಹುಬ್ಬು ತುಟಿ ಸಮೇತ ಮಾಡಿ ತೋರಿಸಿದರೆ ನಮಗೆ ತುತ್ತು ಇಳಿಯುತ್ತಿರಲಿಲ್ಲ. ಎಂಟು ಕೇಳುವ ನರ, ದೇಹದ ಸಮತೋಲವೂ ಅದರದ್ದೇ. ಅಲ್ಲಿದ್ದ ಅಣ್ಣಾರಾಯರಿಗೆ ಕಿವಿಯೂ ಮಂದ, ನಡೆದರೆ ಓಲಾಟವೂ ಇತ್ತು. ಅದಕ್ಕೇ ಶೇಷಗಿರಿರಾಯರು ಅವರ ಕೈಹಿಡಿದು ಅಡಿಗೆಮನೆಯ ಗಿಡ್ಡ ಬಾಗಿಲಿನಿಂದ ದಿನವೂ ಒಳಗೆ ಕರೆತರುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಶೇಷಗಿರಿರಾಯರ ಚಿಕ್ಕಪ್ಪ ಊರಲ್ಲಿ ತೀರಿಕೊಂಡರೆಂದು ತಂತಿ ಬಂತು. ಇವರನ್ನು ಸಾಕಿ ಓದಿಸಿದವರು. ಸಾಹೇಬ ರಜೆ ಕೊಡಲಿಲ್ಲ. ಹತ್ತು ದಿನದ ಸೂತಕ, ಪಂಕ್ತಿಯಲ್ಲಿ ಕೂಡುವಂತಿಲ್ಲ. ಅಣ್ಣಾರಾಯರನ್ನು ಮುಟ್ಟದೆ, ಕೋಲಿನ ಒಂದು ತುದಿ ಅವರಿಗೆ ಕೊಟ್ಟು ಬಾಗಿಲ ತನಕ ತಂದು ಬಿಟ್ಟು, ತಾವು ಹೊರಗಿನ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದರು. ಒಳಗೆ ಏಳನೆಯ ಮಣೆ ಖಾಲಿ. ವಾಮನ ಮಾತ್ರ ಕಂಗಾಲಾಗಿ ಕೇಳಿದ: "ಕಾಕು, ಆ ಮಣಿ ಮ್ಯಾಲೆ ಬ್ಯಾರೆ ಯಾರನ್ನರೆ ಕೂಡಸ್ರಿ. ನನ್ನ ನರಾ ತಪ್ಪತಾವ."

"ನಿನ್ನ ನರದ ಸಲುವಾಗಿ ಸೂತಕ ಬಿಡ್ತದೇನೋ? ಸುಮ್ನ ಉಣ್ಣು."

ಪರೀಕ್ಷೆಯ ಕೋಣೆಯಲ್ಲಿ ನಾನಿರಲಿಲ್ಲ. ವಾಮನ ಹೇಳಿದ ಹಲವು ಕಥೆಗಳಲ್ಲಿ ಅತಿ ಕಡಿಮೆ ಅಲಂಕಾರವಿದ್ದುದನ್ನು ಆರಿಸಿ ಕೊಡುತ್ತಿದ್ದೇನೆ. ಪರೀಕ್ಷಕರು ಕೆಂಪು ಪಗಡಿಯ ಪುಣೆಯವರು. ಏಳು ಮತ್ತು ಎಂಟನೆಯ ನರಗಳ ದಾರಿ ಕೇಳಿದರು. ವಾಮನ ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ, ಎರಡೂ ಒಂದೇ ಬಾಗಿಲಿಗೆ ಜೊತೆಯಾಗಿ ಬರುತ್ತವೆ, ಎಂಟು ಒಳಗೇ ಕಿವಿಯಲ್ಲಿ ಉಳಿಯುತ್ತದೆ, ಏಳು ಮಾತ್ರ ಹೊರಗೆ ಬಂದು ಮುಖದ ಮೇಲೆ ಹರಡುತ್ತದೆ ಎಂದ. ಪುಸ್ತಕದಲ್ಲಿದ್ದುದೂ ಅದೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಏಳು ಹೊರಗೇಕೆ ಬರುತ್ತದೆ ಎಂದು ಅವರು ಕೇಳಿದರು. ವಾಮನನ ಬಾಯಿಂದ ಮರಾಠಿಯಲ್ಲಿ ಬಂತು: ಸೂತಕ ಇದೆ, ಸರ್.

ಪರೀಕ್ಷಕರು, ಎಷ್ಟು ದಿನದ್ದು ಎಂದು ವಿಚಾರಿಸಿದರಂತೆ.

ಪಾಸಾದ ಸುದ್ದಿ ತಿಳಿದ ದಿನ ವಾಮನ ಓಡಿ ಬಂದ. ಎದುರಿಗೆ ಸಿಕ್ಕವರು ಕಟ್ಟೆಯ ಮೇಲೆ ಉಣ್ಣುತ್ತಿದ್ದ ಶೇಷಗಿರಿರಾಯರು. ಹಿಂದುಮುಂದು ನೋಡದೆ ಅಪ್ಪಿಕೊಂಡ. ಕಾಕು ಒಳಗಿನಿಂದಲೇ ನೋಡಿದರು.

"ಮುಟ್ಟಿದೀ? ಇನ್ನ ಒಳಗ ಕಾಲಿಡಬ್ಯಾಡ. ಹಂಡೇದಾಗ ಸ್ನಾನಕ್ಕ ನೀರಿಲ್ಲ. ಅಲ್ಲೇ ಕೂಡು, ಅಲ್ಲೇ ಬಡಸ್ತೀನಿ."

ಹೀಗೆ ಡಾಕ್ಟರನಾದವನ ಮೊದಲ ಊಟ ಹೊರಗಿನ ಕಟ್ಟೆಯ ಮೇಲಾಯಿತು. ನಾವೆಲ್ಲ ಬಾಗಿಲಲ್ಲಿ ಗುಂಪುಗೂಡಿದೆವು. ವಾಮನ ಪರೀಕ್ಷೆಯ ಕಥೆ ಹೇಳುತ್ತ ಹೇಳುತ್ತ ಸೂತಕಕ್ಕೆ ಬಂದ. ತಂತಿ ಬಂದಾಗಿನಿಂದ ಗೋಡೆಯಂತೆ ಇದ್ದ ಶೇಷಗಿರಿರಾಯರ ಮುಖದಲ್ಲಿ ತುಟಿ ಅಲುಗಿತು. ನಕ್ಕರು. ನಗುತ್ತಲೇ ಕಣ್ಣಿಂದ ನೀರು ಹರಿಯತೊಡಗಿತು, ನಿಲ್ಲಲಿಲ್ಲ. ನಮಗಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನು ಬಹುಶಃ ಭುಜ ಕುಣಿಸಿರಬೇಕು. ವಾಮನ ಎಡಗೈಯನ್ನು ಅವರ ಬೆನ್ನಿಗಿಟ್ಟು ಮೆಲ್ಲಗೆ ಹೇಳಿದ: "ಬರಲಿ ಬಿಡ್ರಿ ರಾಯರ. ನಗಲಿಕ್ಕೂ ಅಳಲಿಕ್ಕೂ ಅದೇ ನರಾನ."

ಮೊನ್ನೆ ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನಂದ್ರು ಡಾಕ್ಟರು?"

"ಹನ್ನೆರಡೂ ನೆಟ್ಟಗ ಅದಾವಂತ. ಬರೇ ಪಿತ್ತ."

ಆಮೇಲೆ ಇದನ್ನು ಬರೆಯಲು ಕೂತೆ. ಆ ಚಿಕ್ಕಪ್ಪನ ಹೆಸರು ಬರೆಯಬೇಕಾದಲ್ಲಿ ಲೇಖನಿ ನಿಂತಿತು. ಮರೆತಿದ್ದಲ್ಲ, ನಮ್ಮಲ್ಲಿ ಯಾರೂ ಕೇಳಿರಲೇ ಇಲ್ಲ. ಶೇಷಗಿರಿರಾಯರು ಪಿಂಚಣಿಯ ಮೇಲೆ ಹಡಪಸರದಲ್ಲಿ ಮನೆ ಮಾಡಿದ್ದಾರೆ. ಟಾಂಗಾ ಸಿಕ್ಕೀತು.

"ತಲಿ ತಿರಗತದ ಅಂತೀರಿ, ಈ ಬಿಸಲಾಗ ಎಲ್ಲಿಗೆ ಹೊಂಟ್ರಿ?" ಎಂದಳು ಹೆಂಡತಿ.

"ಒಬ್ಬರ ಹೆಸರು ಕೇಳೂದದ" ಎಂದೆ.