ಒಲೆಹಕ್ಕಿಯ ಮಾಡು

ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ, ಹುಲಿಕಲ್‌ಗೆ ಹೋಗುವ ರಸ್ತೆಯ ಪಕ್ಕ, ನನ್ನ ನೆರೆಮನೆಯವರ ಗುಡ್ಡದಲ್ಲಿ ನಾಲ್ವರು ಪ್ರವಾಸಿಗರು ಒಂದು ಹಕ್ಕಿಗೂಡಿನ ಮಾಡನ್ನು, ಎಂದರೆ ಮೇಲಿನ ಸೂರನ್ನು, ತೆಗೆದರು. ಒಳಗೆ ಮೂರು ಮೊಟ್ಟೆಗಳಿದ್ದವು.

ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು, ಕಂದು ಬಣ್ಣ, ಎದೆಯ ಮೇಲೆ ಗೀರುಗಳು. ಪುಸ್ತಕಗಳು ಅದನ್ನು ಹರಟೆಮಲ್ಲಗಳ ಜೊತೆ ಸೇರಿಸುತ್ತವೆ. ನೆರೆಮನೆಯ ಅಕ್ಕ ಒಲೆಹಕ್ಕಿ ಅನ್ನುತ್ತಾರೆ. ನೆಲದ ಮೇಲೆ ಒಣ ಎಲೆಗಳಿಂದಲೇ ಗುಮ್ಮಟ ಕಟ್ಟಿ, ಬಚ್ಚಲೊಲೆಗೆ ಇರುವಂತೆ ಪಕ್ಕದಲ್ಲೊಂದು ಬಾಯಿ ಬಿಡುತ್ತದೆ. ಕಾಲಬುಡದಲ್ಲೇ ಇದ್ದರೂ ಕಾಣುವುದಿಲ್ಲ.

ಅಕ್ಕನಿಗೆ ಅದು ಕಂಡದ್ದು ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಉದುರಿದ ಎಲೆ, ಗುಡಿಸುವಾಗ. ಹಕ್ಕಿ ಪೊರಕೆಯ ತುದಿಯಿಂದ ಇಲಿಯಂತೆ ಓಡಿತಂತೆ. ಅವರು ಗೂಡಿನ ಸುತ್ತ ಒಂದು ಮೊರದಗಲ ದರಕು ಬಿಟ್ಟು, ಉಳಿದ ಗುಡ್ಡವನ್ನೆಲ್ಲ ಅಂಗಳದಂತೆ ಗುಡಿಸಿದರು. ಬೋಳು ನೆಲದಲ್ಲಿ ಆ ಗುಪ್ಪೆ ರಸ್ತೆಯಿಂದಲೇ ಕಾಣುತ್ತಿತ್ತು.

ಕಂಡದ್ದು ಹೋಂಸ್ಟೇ ಮಾಲೀಕರಿಗೆ. ಅವರು ಅತಿಥಿಗಳನ್ನು ಕರೆತಂದರು. ಹಕ್ಕಿಗೆ ಕಾಣಬಾರದೆಂದು ನಾಲ್ವರೂ ಮೈತುಂಬ ಎಲೆಚಿತ್ರದ ಬಟ್ಟೆ ತೊಟ್ಟಿದ್ದರು. ಹಾಗೆ ತೊಟ್ಟು ಗೂಡಿನಿಂದ ಎರಡಡಿ ದೂರದಲ್ಲಿ ಕೂತರು, ಜೋರಾಗಿ ಮಾತಾಡುತ್ತ. ಗೂಡಿಗೆ ಮಾಡು ಇದ್ದರೆ ಒಳಗೆ ಕತ್ತಲೆ, ಫೋಟೋ ಬರುವುದಿಲ್ಲ. ಒಬ್ಬ ಎರಡು ಬೆರಳಲ್ಲಿ ಅದನ್ನು ಡಬ್ಬಿಯ ಮುಚ್ಚಳದಂತೆ ಎತ್ತಿ ಪಕ್ಕಕ್ಕಿಟ್ಟ.

ಅಕ್ಕ ಪೊರಕೆ ಹಿಡಿದೇ ಓಡಿ ಬಂದರು. "ಎಂತ ಮಾಡ್ತಿದೀರಿ ಮಾರಾಯ್ರೇ? ಹಕ್ಕಿ ಮನೆ ಮಾಡು ಕಿತ್ತಾಕಿದ್ರಲ್ಲ!"

"ಎರಡೇ ನಿಮಿಷ ಆಂಟಿ. ಆಮೇಲೆ ವಾಪಸ್ ಇಡ್ತೀವಿ."

"ನಿಮ್ಮನೆ ಬಚ್ಚಲಿನ ಹೆಂಚು ತೆಗ್ದು ನಾನೂ ಎರಡು ನಿಮಿಷ ಬಗ್ಗಿ ನೋಡ್ಲಾ?"

ಮಾಲೀಕರು ನಕ್ಕರು. "ನೀವು ಸುಮ್ನಿರಿ ಅಕ್ಕ. ಇವ್ರೆಲ್ಲ ಪ್ರಕೃತಿ ಪ್ರೇಮಿಗಳು."

ಪ್ರೇಮಿಗಳು ಇಪ್ಪತ್ತು ನಿಮಿಷ ಇದ್ದರು. ನಾನು ಬೇಲಿಯ ಈಚೆ ನಿಂತು ಗಡಿಯಾರ ನೋಡಿಕೊಂಡೆ; ಪತ್ರಿಕೆಗೆ ವರದಿ ಕಳಿಸುತ್ತಿದ್ದ ಕಾಲದ ಅಭ್ಯಾಸ. ತಡೆಯಲಿಲ್ಲ ಎಂಬುದನ್ನೂ ಬರೆಯಬೇಕು.

ಹೊರಡುವಾಗ ಮಾಡನ್ನು ವಾಪಸ್ ಇಟ್ಟರು, ತಿರುಗುಮುರುಗಾಗಿ, ಬಾಯಿಯೇ ಮುಚ್ಚಿಹೋಗುವಂತೆ. ಅಕ್ಕ ಸರಿಪಡಿಸಲು ಕೈಹಾಕಿದರೆ ಎಲೆ ಪುಡಿಯಾಯಿತು. ಹಕ್ಕಿ ಸಂಜೆಯವರೆಗೂ ಪೊದೆಯಲ್ಲಿ ಕೂಗಿತು, ಗೂಡಿಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಮೊಟ್ಟೆಗಳು ಇರಲಿಲ್ಲ. ಕೆಂಬೂತ ಒಯ್ದಿತು ಎಂದು ಅಕ್ಕ ಹೇಳುತ್ತಾರೆ. ನಾನು ನೋಡಿಲ್ಲ.

ಫೋಟೋ ಈಗ ಹೋಂಸ್ಟೇಯ ಊಟದ ಕೋಣೆಯಲ್ಲಿ ಚೌಕಟ್ಟಿನೊಳಗಿದೆ. ಕೆಳಗೆ 'ತಾಯಿಯ ಮಡಿಲು' ಎಂದು ಬರೆಸಿದ್ದಾರೆ. ಚಿತ್ರದಲ್ಲಿ ತಾಯಿ ಇಲ್ಲ.

ಈ ಬೇಸಿಗೆಯಲ್ಲೂ ಮಾಲೀಕರು ಬಂದು, "ಗೂಡು ಎಲ್ಲಿದೆ ಅಕ್ಕ?" ಎಂದು ಕೇಳಿದರು.

"ಗುಡ್ಡದಲ್ಲಿದೆ, ಹುಡ್ಕಿ" ಎಂದರು ಅಕ್ಕ.

ಕೊಟ್ಟಿಗೆಗೆ ಅವರು ತಮ್ಮನ ಮನೆಯಿಂದ ದರಕು ತರಿಸಿದ್ದಾರೆ. ಈ ಗುಡ್ಡದಲ್ಲಿ ಒಂದೆಲೆಯನ್ನೂ ಗುಡಿಸಿಲ್ಲ. ಇವತ್ತು ಬೆಳಿಗ್ಗೆ ಹಕ್ಕಿ ಕೂಗುತ್ತಿತ್ತು.